ಒಂದೇ ನೋಟದ ಕೋಣೆ

ನಮ್ಮೂರಲ್ಲಿ ಯಾವ ಚಿತ್ರವೂ ಯಾರಿಗೂ ಎರಡನೇ ಸಲ ಕಾಣಿಸುವುದಿಲ್ಲ. ಇದೇನೋ ದೊಡ್ಡ ಸಂಗತಿ ಎಂದು ನಾನು ಹೇಳುತ್ತಿಲ್ಲ. ನಿಮ್ಮೂರಲ್ಲಿ ಬಾವಿ ನೀರು ಉಪ್ಪಾಗಿರಬಹುದು, ನಮ್ಮೂರಲ್ಲಿ ಹೀಗೆ, ಅಷ್ಟೇ. ಒಂದು ಚಿತ್ರವನ್ನು ನೋಡುತ್ತಿರುವಷ್ಟು ಹೊತ್ತು ಅದು ನಿಮ್ಮದು. ರೆಪ್ಪೆ ಬಡಿದರೆ ಚಿಂತೆಯಿಲ್ಲ. ಮುಖ ತಿರುಗಿಸಿದಿರೋ, ಮುಗಿಯಿತು. ಮತ್ತೆ ನೋಡಿದರೆ ಅಲ್ಲಿ ಬಿಳಿ ಬಿಟ್ಟು ಬೇರೇನೂ ಇರುವುದಿಲ್ಲ. ಬಣ್ಣ ಹೋಗುತ್ತದೆ, ಗೆರೆ ಹೋಗುತ್ತದೆ, ಅದರ ಮೇಲೆ ನೊಣ ಕೂತು ಮಾಡಿದ ಕಲೆಯೂ ಹೋಗುತ್ತದೆ. ಪಕ್ಕದಲ್ಲಿ ನಿಂತವರು ಮೊದಲು ನೋಡಿರದಿದ್ದರೆ ಅವರಿಗೆ ಎಲ್ಲವೂ ಸೊಗಸಾಗಿ ಕಾಣುತ್ತಿರುತ್ತದೆ. ಯುಗಾದಿಗೆ ಕಿರಾಣಿ ಅಂಗಡಿಯವರು ಕೊಡುವ ಕ್ಯಾಲೆಂಡರಿನ ಲಕ್ಷ್ಮಿ ಒಂದು ಸಲ ದರ್ಶನ ಕೊಟ್ಟು ಹೊರಟುಬಿಡುತ್ತಾಳೆ, ತಾರೀಖುಗಳು ಮಾತ್ರ ಉಳಿಯುತ್ತವೆ. ಹೆಣ್ಣಿನ ಫೋಟೊ ಬಂದರೆ ಮನೆಮಂದಿಯೆಲ್ಲ ತಲೆಗೆ ತಲೆ ಕೂಡಿಸಿ ನೋಡುತ್ತೇವೆ. ಆಮೇಲೆ ಮೂಗು ನೀಳವಾಗಿತ್ತೋ ಮೊಂಡಾಗಿತ್ತೋ ಎಂದು ಮದುವೆಯ ದಿನದವರೆಗೂ ಜಗಳವಾಡುತ್ತೇವೆ.

ಚಿತ್ರ ಬರೆಯುವವರ ಪಾಡಂತೂ ಕೇಳಲೇಬೇಡಿ. ಒಂದೇ ಪಟ್ಟಿಗೆ ಕೂತು ಮುಗಿಸಬೇಕು, ಕುಂಚ ಅದ್ದಲು ಕೂಡ ಮುಖ ಎತ್ತುವಂತಿಲ್ಲ. ಬಣ್ಣದ ಬಟ್ಟಲುಗಳನ್ನು ಬೆರಳಿನಿಂದ ತಡಕಿ ಗುರುತು ಹಿಡಿಯುತ್ತಾರೆ. ಸಾಕೆಂದು ತಲೆ ಎತ್ತಿದ ಕ್ಷಣಕ್ಕೆ ತಾವು ಬರೆದದ್ದು ತಮಗೇ ಇಲ್ಲ. ಹಾಗಾಗಿ ನಮ್ಮಲ್ಲಿ ಹೇಳಿಕೆಯ ಪದ್ಧತಿಯಿದೆ. ಚಿತ್ರ ನೋಡಿದವರು ಬರೆದವರ ಮುಂದೆ ಕೂತು ತಾವು ಕಂಡದ್ದನ್ನು ಕಂಡ ಹಾಗೆ ಹೇಳಬೇಕು. ಹೇಳುವವರೆಗೆ ಹನಿ ನೀರನ್ನೂ ಬಾಯಿಗೆ ಹಾಕುವಂತಿಲ್ಲ, ಹೊಟ್ಟೆಗೆ ಏನಾದರೂ ಬಿದ್ದಮೇಲೆ ಹೇಳಿದ್ದನ್ನು ಯಾವ ಚಿತ್ರಗಾರನೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹೊಟ್ಟೆ ತುಂಬಿದವರು ಚಂದ ಮಾಡಿ ಹೇಳುತ್ತಾರೆ ಎಂದು ಹಿರಿಯರಿಗೆ ಯಾವ ಕಾಲದಲ್ಲೋ ಅನಿಸಿರಬೇಕು.

ನನ್ನ ಕಸುಬು ಗಾಳಿಕೋಣೆ ಕಟ್ಟುವುದು. ಹೆಸರು ಶಕುಂತಲಾ, ಊರವರ ಬಾಯಲ್ಲಿ ಶಕ್ಕಕ್ಕ. ಹಳೆಯ ಹತ್ತಿ ಗೋದಾಮೊಂದನ್ನು ಹಿಡಿದಿದ್ದೇನೆ, ಅದರೊಳಗೆ ಒಂದು ಕುರ್ಚಿಯೂ ಇಲ್ಲ. ನೋಡುವವರು ಬಾಗಿಲಲ್ಲಿ ದೊಡ್ಡ ಕನ್ನಡಕ ಏರಿಸಿಕೊಂಡು ಹೊಸ್ತಿಲು ದಾಟಿದರೆ ಗೋದಾಮು ಹೋಗಿ ನಾನು ಕಂಪ್ಯೂಟರಿನಲ್ಲಿ ಕಟ್ಟಿದ ಕೋಣೆ ಸುತ್ತ ಎದ್ದು ನಿಲ್ಲುತ್ತದೆ. ಗೋಡೆ, ಕಿಟಕಿ, ಕಿಟಕಿಯಾಚೆ ಬಿಸಿಲು, ಗೋಡೆಯ ತುಂಬ ಚಿತ್ರ. ಹೊಕ್ಕ ಹೊಸ್ತಿಲಿನಿಂದ ಹೊರಬೀಳುವ ಹೊಸ್ತಿಲಿನವರೆಗೆ ಅದೆಲ್ಲ ಒಂದೇ ನೋಟ. ತಿರುಗಿ ನೋಡಬಹುದು, ಹಿಂದೆ ಹೋಗಬಹುದು, ಒಂದರ ಮುಂದೆ ನಿಂತು ಅತ್ತು ಇನ್ನೊಂದಕ್ಕೆ ಬರಬಹುದು. ಬೀಸುವ ಗಾಳಿಗೂ ಕೆಮ್ಮುವ ಮುದುಕರಿಗೂ ಹೆದರಿ ಕೈಯಲ್ಲಿ ಹಾಳೆ ಹಿಡಿದು ನೋಡುತ್ತಿದ್ದ ಜನ ಗಾಳಿಕೋಣೆಗೆ ಮುಗಿಬಿದ್ದದ್ದು ಸುಮ್ಮನೆ ಅಲ್ಲ.

ಕಟ್ಟುವಾಗ ಚಿತ್ರಗಳನ್ನು ನಾನು ನೋಡುವುದಿಲ್ಲ. ನೋಡಿಬಿಟ್ಟರೆ ಆಮೇಲೆ ತಿದ್ದುವುದು ಹೇಗೆ? ಚಿತ್ರದ ಅಳತೆಯ ಖಾಲಿ ಹಲಗೆಗಳನ್ನು ತೂಗುಹಾಕಿ ಕೋಣೆ ಮುಗಿಸುತ್ತೇನೆ, ಕೊನೆಗೆ ಪರದೆಯ ಮೇಲೆ ಟವೆಲು ಹೊದಿಸಿ ಒಂದೊಂದೇ ಚಿತ್ರ ತುಂಬುತ್ತೇನೆ. ಯಾವುದು ತಲೆಕೆಳಗಾಯಿತು, ಯಾವುದಕ್ಕೆ ಬೆಳಕು ಬೀಳಲಿಲ್ಲ ಎಂದು ಒಳಗೆ ಹೋಗಿ ನೋಡಿ ಬರುವವನು ಫಕೀರಪ್ಪ. ಊರಿನ ಪರೀಕ್ಷೆಯ ಕಣ್ಣು ಅವನದು. ಎಲ್ಲವನ್ನೂ ಎಲ್ಲರಿಗಿಂತ ಮೊದಲು ನೋಡಿ ಮುಗಿಸಿದ ಆ ಮನುಷ್ಯನಿಗೆ ಜಗತ್ತಿನ ಮೇಲೆ ಅಂಥ ಆಸೆಯೇನೂ ಉಳಿದಿಲ್ಲ, ಆದರೆ ಅವನಿಲ್ಲದೆ ನಾನು ಯಾರನ್ನೂ ಕೋಣೆಯೊಳಗೆ ಬಿಟ್ಟವಳಲ್ಲ. ಒಂದೇ ಒಂದು ಸಲ ಬಿಟ್ಟೆ, ಗುರುಶಾಂತಪ್ಪನವರಿಗಾಗಿ.

ಗುರುಶಾಂತಪ್ಪನವರು ಅಂಗಡಿಗಳಿಗೆ ಬೋರ್ಡು ಬರೆಯುವವರು. ಅಕ್ಷರ ಎಷ್ಟು ಸಲ ನೋಡಿದರೂ ಮಾಸುವುದಿಲ್ಲ, ಅದರಿಂದ ಅವರ ಹೊಟ್ಟೆಪಾಡು ನಡೆಯುತ್ತಿತ್ತು. ಚಿತ್ರ ಬರೆಯುವುದು ಮನೆಯ ಹಿಂದಿನ ಕೋಣೆಯಲ್ಲಿ, ತಮ್ಮ ಪಾಡಿಗೆ. ಅವರ ಹೆಂಡತಿ ದ್ಯಾಮಕ್ಕ ಸಂತೆಪೇಟೆಯಲ್ಲಿ ಖಾನಾವಳಿ ಇಟ್ಟಿದ್ದವರು, ನಾನೂ ಎಷ್ಟೋ ಮಧ್ಯಾಹ್ನ ಅಲ್ಲಿ ರೊಟ್ಟಿ ತಿಂದಿದ್ದೇನೆ. ಒಂದು ಬೆಳಿಗ್ಗೆ ಈ ಮನುಷ್ಯ ನನ್ನ ಗೋದಾಮಿಗೆ ಬಂದು ತಗಡಿನ ಟ್ರಂಕು ಇಳಿಸಿದರು.

"ಶಕುಂತಲಾ, ಆಕೀಗೆ ತೋರಿಸಬೇಕು," ಅಂದರು. "ಆಕೀ ಕಣ್ಣು ಹೊಂಟಾವ. ಅಂಚಿನಿಂದ ಕತ್ತಲಿ ಒಳಗ ಬರಾಕ ಹತ್ತೇತಿ. ಈಗ ಕೊಳವಿ ಒಳಗಿಂದ ಹಣಿಕಿ ಹಾಕಿದಂಗ ಕಾಣತೈತಂತ. ಡಾಕ್ಟರು ಕೈ ಚೆಲ್ಲ್ಯಾರ."

"ಟ್ರಂಕಿನ್ಯಾಗ ಇದ್ದದ್ದು ಯಾವತ್ತು ಬರದಿದ್ದು, ಅಣ್ಣಾರ?"

"ಲಗ್ನ ಆದಾಗಿನಿಂದ ಬರದದ್ದು. ಆಕೀ ಒಂದೂ ನೋಡಿಲ್ಲ. ಬಿಡಿಬಿಡಿಯಾಗಿ ನೋಡಬ್ಯಾಡ, ಒಂದಿನ ಎಲ್ಲಾ ಕೂಡಿಸಿ ತೋರಿಸ್ತೇನಿ ಅಂತ ಹೇಳಿದ್ದೆ. ಹೂಂ ಅಂದಿದ್ಲು."

ಬೇರೆ ಯಾರಾದರೂ ನೋಡಿದ್ದಾರೆಯೇ ಎಂದು ಕೇಳಿದೆ. ಇಲ್ಲವಂತೆ. ಇಷ್ಟು ವರ್ಷ ಬರೆದ ಮನುಷ್ಯ ತಾನು ಏನು ಬರೆದೆ ಎನ್ನುವುದನ್ನೇ ಕೇಳಿ ತಿಳಿದಿಲ್ಲ! ಫಕೀರಪ್ಪನೂ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದ, ಅವನ ಹುಬ್ಬು ಕೂಡ ಮೇಲೇರಿತು.

"ಮಂದಿ ಹೇಳಿಕಿ ನನಗ ಬ್ಯಾಡ," ಅಂದರು ಗುರುಶಾಂತಪ್ಪ. "ಮಂದಿ ಮಾರೀ ನೋಡಿ ಮಾತಾಡತಾರ. ಆಕೀ ಹಂಗಲ್ಲ. ಸಾರಿಗೆ ಉಪ್ಪು ಹೆಚ್ಚಾದ್ರ ಗಿರಾಕಿ ಮುಂದನ, ಇವತ್ತ ಉಪ್ಪು ಹೆಚ್ಚಾಗೇತಿ ಅನ್ನಾಕಿ. ಆಕೀ ಹೇಳಿದ್ದು ಒಂದ ನಾ ನಂಬೂದು."

ಆಮೇಲೆ ಧ್ವನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. ಆ ಟ್ರಂಕಿನಲ್ಲಿ ಒಂದು ಚಿತ್ರ ದ್ಯಾಮಕ್ಕನದೇ ಅಂತೆ. ಎದುರು ಕೂರಿಸಿಕೊಂಡು ಯಾರ ಮುಖವನ್ನೂ ಬರೆಯಲಾಗದ ಊರು ನಮ್ಮದು. ಹಾಳೆಯಿಂದ ಕಣ್ಣು ಎತ್ತಿ ಎದುರಿನವರ ಮುಖ ನೋಡಿದರೆ ಹಾಳೆ ಹೋಯಿತು. ಆದ್ದರಿಂದ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ತಲೆ ಎತ್ತದೆ ನೆನಪಿನಿಂದಲೇ ಬರೆದರಂತೆ. "ಅದು ಆಕೀ ಹಂಗ ಐತೋ ಇಲ್ಲೋ, ನನಗ ಅದೊಂದು ಗೊತ್ತಾಗಬೇಕು," ಅಂದರು. ಹೇಳುವಾಗ ಟ್ರಂಕಿನ ಚಿಲಕವನ್ನು ತೆಗೆಯುವುದು ಹಾಕುವುದು ಮಾಡುತ್ತಿದ್ದರು.

ಕೋಣೆ ಕಟ್ಟುತ್ತೇನೆಂದೆ. ಆದರೆ ಮೊದಲು ಫಕೀರಪ್ಪ ನೋಡಬೇಕು ಎಂದದ್ದೇ ತಡ, ಮನುಷ್ಯನ ಪಿತ್ತ ನೆತ್ತಿಗೇರಿತು. ಆಕೆಗಿಂತ ಮೊದಲು ಯಾರೂ ನೋಡಕೂಡದಂತೆ. ಫಕೀರಪ್ಪ ತನಗೇನೂ ಬೇಜಾರಿಲ್ಲ ಎಂದು ಬೀಡಿ ಹಚ್ಚಿಕೊಂಡು ಹೊರಗೆ ಹೋದ. ನಾನು ಜಗಳಾಡಿದೆ, ಬೈದೆ, ಹಲಗೆ ಉಲ್ಟಾ ಆದರೆ ನನ್ನನ್ನು ಕೇಳಬೇಡಿ ಎಂದೆ. ಅವರು ಟ್ರಂಕು ಎತ್ತಿಕೊಂಡು ಹೊರಟರು. ಬಾಗಿಲವರೆಗೆ ಹೋಗಲು ಬಿಟ್ಟು, ಆಮೇಲೆ ಕರೆದೆ. ಆಕೆಯ ಕಣ್ಣು ನಮ್ಮ ಜಗಳ ಮುಗಿಯಲೆಂದು ಕಾಯುತ್ತ ಕೂರುವುದಿಲ್ಲವಲ್ಲ.

ಚಿತ್ರಗಳನ್ನು ಸ್ಕ್ಯಾನರಿಗೆ ಹಾಕುವ ಕೆಲಸವನ್ನೂ ಅವರೇ ಮಾಡಿದರು. ನಮ್ಮ ಸ್ಕ್ಯಾನರಿಗೆ ಕರಿ ಬಟ್ಟೆಯ ಚೀಲ ಹೊಲಿಸಿರುತ್ತೇವೆ, ಕೈ ಮಾತ್ರ ಒಳಗೆ ಹೋಗುತ್ತದೆ. ಬರೆದವರಿಗೆ ಹಾಳೆಯ ಎರಡೂ ಬದಿ ಬಿಳಿಯೇ, ಅದರಿಂದ ಬರೆದ ಬದಿಯ ಬಲಮೂಲೆಗೆ ಒಂದು ದಾರದ ಗಂಟು ಹಾಕಿಟ್ಟುಕೊಳ್ಳುವುದು ವಾಡಿಕೆ. ಬೆರಳಿಗೆ ಗಂಟು ಸಿಕ್ಕಿತೋ, ಆ ಬದಿ ಕೆಳಗೆ. ಚೀಲದೊಳಗೆ ಕೈಯಿಟ್ಟು ಗುರುಶಾಂತಪ್ಪ ಒಂದೊಂದೇ ಹಾಳೆ ತಡಕಿ ಹಾಕಿದರು. ಕಡೆಯ ಹಾಳೆಗೆ, ಟ್ರಂಕಿನ ತಳದಲ್ಲಿ ಬೇರೆಯಾಗಿ ಇಟ್ಟಿದ್ದ ದ್ಯಾಮಕ್ಕನ ಚಿತ್ರಕ್ಕೆ, ಕೊಂಚ ಹೊತ್ತು ಹಿಡಿಯಿತು. ಕೈ ಸೋತಿರಬೇಕು ಎಂದುಕೊಂಡು ನಾನು ಕೇಳಲಿಲ್ಲ.

ಕೋಣೆ ಹೇಗಿರಬೇಕು ಎಂದಾಗ ಅವರು ಯೋಚಿಸಲೇ ಇಲ್ಲ. ಖಾನಾವಳಿಯ ಹಾಗೇ ಇರಲಿ, ಅಲ್ಲಾದರೆ ಆಕೆ ತಡವರಿಸದೆ ನಡೆಯುತ್ತಾಳೆ ಅಂದರು. ಖಾನಾವಳಿಯನ್ನೇ ಕಟ್ಟಿದೆ. ಒಲೆ ತೆಗೆದೆ, ಹೊಗೆಯ ಕರೆ ಉಳಿಸಿದೆ. ಊಟದ ಸಾಲನ್ನು ಎಳೆದು ಉದ್ದ ಮಾಡಿದೆ, ಪಕ್ಕದ ಕಿಟಕಿಗಳಿಂದ ಹತ್ತು ಗಂಟೆಯ ಬಿಸಿಲು ಬಿಟ್ಟೆ. ಕೊಳವೆಯೊಳಗಿಂದ ನೋಡುವವರಿಗೆ ಚಿತ್ರ ಹತ್ತಿರವಿದ್ದರೆ ಒಂದು ಮೂಲೆಯಷ್ಟೇ ಕಾಣುವುದು, ಅದಕ್ಕಾಗಿ ಗೋಡೆಗಳನ್ನು ದೂರ ದೂರ ಸರಿಸಿ, ಪ್ರತಿ ಚಿತ್ರವೂ ಅವರ ನೋಟದ ಬಿಲ್ಲೆಯೊಳಗೆ ಇಡಿಯಾಗಿ ಕೂರುವ ಹಾಗೆ ಇಟ್ಟೆ. ದ್ಯಾಮಕ್ಕನ ಚಿತ್ರ ಕಟ್ಟಕಡೆಗೆ, ಅವರು ದುಡ್ಡಿನ ಗಲ್ಲೆಯ ಮುಂದೆ ಕೂರುತ್ತಿದ್ದ ಜಾಗದ ಎದುರು ಗೋಡೆಗೆ. ಹೇಳಿಕೊಳ್ಳಬಾರದು, ಅಷ್ಟು ಚೆನ್ನಾಗಿ ನಾನು ಮತ್ಯಾವ ಕೋಣೆಯನ್ನೂ ಕಟ್ಟಿಲ್ಲ.

ಕೋಣೆ ನೋಡುವ ದಿನ ದ್ಯಾಮಕ್ಕ ಉಪವಾಸ ಬಂದರು. ಇಳಕಲ್ಲಿನ ಹೊಸ ಸೀರೆ, ಹಣೆಗೆ ದೊಡ್ಡ ಕುಂಕುಮ. ಕನ್ನಡಕ ಕಟ್ಟಿದೆ. "ಬೀಳಾಕ ಬಿಡಬ್ಯಾಡವಾ," ಎಂದು ನನ್ನ ಮುಂಗೈ ಹಿಡಿದುಕೊಂಡರು. ಪದ್ಧತಿಯಂತೆ ಗುರುಶಾಂತಪ್ಪ ಹೊಸ್ತಿಲಿನಾಚೆ ನಿಂತರು. ಒಳಗಿರುವವರು ಹೊರಬಂದು ಬಾಯಿ ಬಿಡುವವರೆಗೆ ಬರೆದವರು ಮಾತಾಡುವ ಹಾಗಿಲ್ಲ.

"ಅಯ್ಯ, ನಮ್ಮ ಖಾನಾವಳೀನ ಐತಿ," ಅಂದರು ದ್ಯಾಮಕ್ಕ. "ಒಲಿ ಎಲ್ಲಿ ಒಯ್ದೀಯ? ನೆಲ ಮಾತ್ರ ನನಕಿಂತ ಚಲೋ ಒರಸೀ."

 ಅವರು ನಡೆದರು, ನಿಂತರು, ತಿರುಗಿ ಹೋದರು. ಖಾಲಿ ಗೋದಾಮಿನಲ್ಲಿ ಅವರ ಬಳೆಯ ಸದ್ದು ಬಿಟ್ಟರೆ ಏನೂ ಇಲ್ಲ. ಒಂದು ಕಡೆ ನಕ್ಕರು. ಇನ್ನೊಂದು ಕಡೆ ಬಹಳ ಹೊತ್ತು ನಿಂತು ಕನ್ನಡಕದ ಕೆಳಗಿನಿಂದ ಇಳಿದ ನೀರನ್ನು ಸೆರಗಿನಿಂದ ಒರೆಸಿಕೊಂಡರು. ನನಗೆ ಕಾಣುತ್ತಿದ್ದದ್ದು ಗೋದಾಮಿನ ಬೋಳು ಗೋಡೆ, ಆದರೂ ಅವರ ಮುಖ ನೋಡಿ ಹೊಟ್ಟೆಕಿಚ್ಚಾಯಿತು. ಹೊಸ್ತಿಲಾಚೆ ಗುರುಶಾಂತಪ್ಪ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಪ್ರತಿ ಸದ್ದಿಗೂ ಅವರ ಕತ್ತು ಮುಂದೆ ಬರುತ್ತಿತ್ತು.

ಕೊನೆಯ ಗೋಡೆ ಬಂತು. ದ್ಯಾಮಕ್ಕ ನಿಂತರು. ನನ್ನ ಮುಂಗೈ ಮೇಲಿನ ಹಿಡಿತ ಬಿಗಿಯಾಯಿತು.

"ಇದು ಬಿಳೀ ಐತಲ್ಲ," ಅಂದರು.

 ಬಿಳಿ ಎಂದರೆ ನಮ್ಮೂರಲ್ಲಿ ಒಂದೇ ಅರ್ಥ.

"ಬಿಳೀನ ಐತಿ. ಅದರ ಮ್ಯಾಲೆ ಯಾರೋ ಲ್ವಾಟ ಬ್ಯಾರೆ ಇಟ್ಟಾರ, ಕಲಿ ನೋಡು. ಇದನ್ನ ನಾ ಯಾವಾಗ ನೋಡಿದ್ನೋ ಏನೋ..."

"ನೋಡೀದಿ!" ಹೊಸ್ತಿಲಿನಿಂದ ಗುರುಶಾಂತಪ್ಪನವರ ದನಿ ಬಂತು. ಅದು ಅವರ ದನಿ ಎಂದು ಗುರುತಿಸಲು ನನಗೇ ಒಂದು ಗಳಿಗೆ ಬೇಕಾಯಿತು. "ಅದೊಂದನ್ನ ಕದ್ದು ನೋಡೀದಿ. ನಾ ಬೋರ್ಡು ಬರ್ಯಾಕ ಹೋದಾಗ ಟ್ರಂಕ್ ತಗದೀದಿ. ಇಷ್ಟು ವರ್ಷ ನನ್ನ ಮುಂದ ನಾಟಕ ಆಡೀದಿ."

ಬಾಯಿ ಮುಚ್ಚಿ ಅಣ್ಣಾರ ಎಂದು ನಾನು ಕೂಗಿದೆ. ಅಷ್ಟರಲ್ಲಿ ದ್ಯಾಮಕ್ಕ ಎರಡೂ ಕೈ ಎತ್ತಿ ಕನ್ನಡಕ ಕಿತ್ತು ನನ್ನ ಕೈಗೆ ತುರುಕಿಬಿಟ್ಟಿದ್ದರು. ಹೋಯಿತು. ಒಂದು ಜೀವಮಾನದ ಚಿತ್ರಗಳೆಲ್ಲ ಅವರಿಗೆ ಬಿಳಿಯಾದವು. ಇನ್ನು ಅವು ಇರುವುದು ಅವರ ನೆನಪಿನಲ್ಲಿ, ಬರಬೇಕಾದದ್ದು ಅವರ ಬಾಯಿಂದ. ಅವರು ತಡವರಿಸುತ್ತ ಬಂದು ಹೊಸ್ತಿಲ ಮೇಲೆ ಗಂಡನಿಗೆ ಬೆನ್ನು ಕೊಟ್ಟು ಕೂತರು.

"ಶಕುಂತಲಾ, ನೀರು ಕೊಡು," ಅಂದರು.

 ಹೊರಗೆ ಬೀಡಿ ಸೇದಿ ಆಗಷ್ಟೇ ಒಳಬಂದ ಫಕೀರಪ್ಪ ಅಲ್ಲೇ ನಿಂತ. ಒಂದು ಗುಟುಕು ಒಳಗೆ ಹೋದರೆ ಆ ಹೇಳಿಕೆ ಇಲ್ಲ. ಗುರುಶಾಂತಪ್ಪ ಸಾಯುವವರೆಗೂ ತಾನೇನು ಬರೆದೆ ಎಂದು ತಿಳಿಯದೆ ಇರಬೇಕು. ಬೇರೆಯವರ ಮಾತನ್ನು ಅವರು ನಂಬುವವರಲ್ಲ, ನಂಬುವ ಒಬ್ಬಳನ್ನು ಈಗಷ್ಟೇ ಕಳ್ಳಿ ಎಂದಿದ್ದರು.

"ಅಕ್ಕಾ, ಒಂದ ಚೂರು ತಡೀರಿ," ಅಂದೆ.

"ಯಾತಕ್ಕ ತಡೀಲಿ? ಮನ್ಯಾಗ ಆ ಕೋಣೀ ಬಾಗಲಾ ತಗದಿದ್ರ ನಾ ಮಾರೀಗೆ ಸೆರಗು ಹಾಕ್ಕೊಂಡು ದಾಟೇನಿ. ಕಸ ಹೊಡಿಯೂವಾಗ ಗ್ವಾಡಿ ಕಡೆ ಮಾರಿ ಮಾಡಿ ಹೊಡದೇನಿ. ಸೊಕ್ಕಿನಾಕಿ, ಗಂಡ ಬರದದ್ದನ್ನ ಕಣ್ಣೆತ್ತಿ ನೋಡಂಗಿಲ್ಲ ಅಂತ ಓಣಿ ತುಂಬ ಆಡಿಕೊಂಡ್ರು. ಆಡಿಕೊಳ್ಳಲಿ ಅಂದೆ. ಈ ಕಣ್ಣು ಇವರಿಗೇ ಅಂತ ಇಟ್ಟೆ. ಇದ್ದ ಕಣ್ಣು ಹೊಂಟಾವ ಅಂದಾಗ ಮಕ್ಕಳ ಮಾರಿ ಹೆಚ್ಚಿಗಿ ನೋಡಲಿಲ್ಲ, ಬಿಸಲಿಗೆ ಹೋಗಲಿಲ್ಲ, ಇಲ್ಲೀತನಕ ತಂದೆ. ಈಗ ಕದ್ದು ನೋಡೀದಿ ಅಂತಾರ. ನೀರು ಕೊಡವಾ, ಗಂಟಲಾ ಒಣಗೇತಿ."

ಬಾಯಾರಿದವರಿಗೆ ನೀರಿಲ್ಲ ಎನ್ನಲು ನನ್ನಿಂದಾಗಲಿಲ್ಲ. ಗಡಿಗೆಯ ಹತ್ತಿರ ಹೋದೆ. ಆದಷ್ಟು ನಿಧಾನ ಮಾಡಿದೆ, ಲೋಟ ಎರಡು ಸಲ ತೊಳೆದೆ. ತುಂಬಿಸಿ ಪಕ್ಕದ ಸ್ಟೂಲಿನ ಮೇಲಿಟ್ಟು, ಕೈ ಒರೆಸಿಕೊಂಡು ಮತ್ತೆ ಎತ್ತಿದೆ. ಸ್ಟೂಲಿನ ಮೇಲೆ ದುಂಡಗೆ ಒಂದು ಒದ್ದೆ ಬಳೆ ಮೂಡಿತ್ತು. ಅದನ್ನು ನೋಡಿದವಳು ಹಾಗೇ ನಿಂತುಬಿಟ್ಟೆ.

ಲೋಟದ ಕಲೆ! ನೋಡಿ ಮುಗಿಸಿದ ಚಿತ್ರವಾಗಿದ್ದರೆ ಕಲೆ ಕಾಣುವುದು ಹೇಗೆ? ನೊಣದ ಕಲೆಯೂ ಉಳಿಯುವುದಿಲ್ಲವಲ್ಲ.

"ಅಣ್ಣಾರ, ಕಡೀಗೆ ಹಾಕಿದ ಹಾಳಿಗೆ ದಾರದ ಗಂಟು ಇತ್ತೇನು?" ಎಂದೆ. 

  "ಉದುರಿ ಹೋಗಿತ್ತು," ಅಂದರು. "ಕೈಯಾಡಿಸಿ ನೋಡಿದೆ, ಸಿಗಲಿಲ್ಲ. ಅಂದಾಜಿಲೆ ಹಾಕಿದೆ."

"ಹಾಳಿ ತಗೀರಿ ಹೊರಗ."

ಟ್ರಂಕು ತೆರೆದು ಹಾಳೆ ತೆಗೆದರು. ನಾನು ಮುಖ ತಿರುಗಿಸಿಕೊಂಡೆ. ಎರಡೂ ಬದಿ ನೋಡಿ ಎಂದೆ. ಹಾಳೆ ಮಗುಚಿದ ಸದ್ದಾಯಿತು, ಮತ್ತೆ ಮಗುಚಿದ ಸದ್ದಾಯಿತು. 

"ಒಂದು ಬದಿಗೆ ಲ್ವಾಟದ ಕಲಿ ಐತಿ," ಅಂದರು ಗುರುಶಾಂತಪ್ಪ. "ಇನ್ನೊಂದು ಬದಿ ಖಾಲಿ."

ಖಾಲಿ ಕಂಡ ಬದಿಯೇ ಅವರು ಬರೆದ ಬದಿ. ಕಲೆ ಕಂಡದ್ದು ಹಾಳೆಯ ಬೆನ್ನು. ಬೆನ್ನನ್ನು ಸ್ಕ್ಯಾನರಿಗೆ ಹಾಕಿ, ಬೆನ್ನನ್ನೇ ಗೋಡೆಗೆ ತೂಗಿಸಿ, ಬೆನ್ನಿಗಾಗಿ ಹೆಂಡತಿಯನ್ನು ಕಳ್ಳಿ ಎಂದಿದ್ದರು.   ಗುರುಶಾಂತಪ್ಪ ಸುತ್ತು ಹಾಕಿ ಬಂದು ದ್ಯಾಮಕ್ಕನ ಎದುರು ನೆಲದ ಮೇಲೆ ಕೂತರು. ಹಾಳೆ ಅವರ ತೊಡೆಯ ಮೇಲಿತ್ತು, ಕಲೆಯ ಬದಿ ಮೇಲೆ.

"ತಪ್ಪಾತು," ಅಂದರು.

 ನಾನು ಲೋಟ ಹಿಡಿದುಕೊಂಡು ಇಬ್ಬರ ನಡುವೆ ನಿಂತಿದ್ದೆ. ಕೊಡಲೋ ಬೇಡವೋ ತಿಳಿಯದೆ ಕೊನೆಗೆ ಹೊಸ್ತಿಲ ಮೇಲೆ ಅವರ ಪಕ್ಕದಲ್ಲಿಟ್ಟೆ. ಇಟ್ಟ ಸದ್ದಿಗೆ ಅವರ ಕೈ ಅತ್ತ ಸರಿಯಿತು, ಬೆರಳು ಲೋಟಕ್ಕೆ ತಾಗಿತು. ಗುರುಶಾಂತಪ್ಪ ಆ ಬೆರಳುಗಳನ್ನೇ ನೋಡುತ್ತಿದ್ದರು. ಬೇಡ ಎನ್ನಲಿಲ್ಲ. ಆ ಮಾತು ಹೇಳುವ ಹಕ್ಕು ತಮಗೆ ಉಳಿದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅವರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

"ಅಳಾಕ ಹತ್ಯಾರೇನು?" ಎಂದು ದ್ಯಾಮಕ್ಕ ನನ್ನನ್ನು ಕೇಳಿದರು.

"ಹೌದಕ್ಕಾ."

"ಅಳಲಿ." ಲೋಟವನ್ನು ಬೆರಳಿನಿಂದ ದೂರ ತಳ್ಳಿದರು. "ಆ ಹಾಳಿ ಕೊಡ್ರಿ ಇಲ್ಲೆ."

ಮತ್ತೆ ಕೋಣೆಯೊಳಗೆ ತೂಗುಹಾಕುತ್ತೇನೆ, ಇಡಿಯಾಗಿ ಕಾಣುತ್ತದೆ ಎಂದೆ. ಬೇಡವೆಂದರು. ಹಾಳೆ ಇಸಿದುಕೊಂಡು, ಮಗುಚಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಬಾಗಿಲ ಬೆಳಕಿನಲ್ಲಿ ಮೇಲಿನ ಮೂಲೆಯಿಂದ ಶುರುಮಾಡಿ ಇಂಚಿಂಚೇ ಸರಿಸುತ್ತ ನೋಡಿದರು. ಮುಖ ಒಮ್ಮೆಯೂ ಎತ್ತಲಿಲ್ಲ. ಆಮೇಲೆ ನಾನೂ ತಡೆಯಲಾರದೆ ಅವರ ಭುಜದ ಮೇಲಿಂದ ಬಗ್ಗಿ ನೋಡಿದೆ. ಹಾಳೆಯಿಂದ ಕಣ್ಣು ಕೀಳದೆಯೇ ದ್ಯಾಮಕ್ಕ ಮಾತು ತೆಗೆದರು.

"ಮೂಗು ನಿಮ್ದ ಐತಿ," ಅಂದರು.

ಗುರುಶಾಂತಪ್ಪ ತಮ್ಮ ಮೂಗು ಮುಟ್ಟಿಕೊಂಡರು.

"ಕಿವಿ ನಿಮ್ದು. ಗದ್ದಾನೂ ನಿಮ್ದ, ಆ ತಗ್ಗು ಸುದ್ಧಾ ಐತಿ. ಕೂದಲಾ ನನ್ದು, ಬೈತಲಿ ಸೊಟ್ಟ ತಗದೀರಿ. ನಾ ಸೊಟ್ಟನ ತಗೀತಿದ್ದೆ ಆವಾಗ. ಕಣ್ಣು..."  ಹಾಳೆಯನ್ನು ಎಡಕ್ಕೆ ಬಲಕ್ಕೆ ಎರಡು ಸಲ ಸರಿಸಿದರು. "ಕಣ್ಣು ನನ್ನವು. ಸಿಟ್ಟಿಗೆದ್ದಾವ. ಯಾರ ಮ್ಯಾಲೆ ಸಿಟ್ಟು ಇದು?"

"ನನ್ನ ಮ್ಯಾಲೆ ಇರಬೇಕು."

"ಮತ್ತ ಯಾರ ಮ್ಯಾಲೆ."

ಹೇಳಿದ್ದು ನಿಜ. ನಾನೂ ನೋಡಿದ್ದೆನಲ್ಲ, ಆ ಮೂಗು ಗುರುಶಾಂತಪ್ಪನವರದೇ. ಹಾಳೆ ಕೆಳಗಿಟ್ಟು ದ್ಯಾಮಕ್ಕ ಮೊದಲಿನಿಂದ ಹೇಳತೊಡಗಿದರು, ಕೋಣೆಯ ಮೊದಲ ಗೋಡೆಯಿಂದ. ಉಪ್ಪು ಹೆಚ್ಚಾದಲ್ಲಿ ಹೆಚ್ಚು ಎಂದರು. ಒಂದು ಕುದುರೆಯ ಹಿಂಗಾಲು ಎಮ್ಮೆಯ ಕಾಲಿನ ಹಾಗಿದೆ ಎಂದರು. ಎಲ್ಲಿ ಅತ್ತರು, ಯಾಕೆ ಅತ್ತರು, ಅದನ್ನೂ ಹೇಳಿದರು. ಗುರುಶಾಂತಪ್ಪ ನಡುನಡುವೆ, ಹೌದಾ, ಕೆಂಪು ಅಷ್ಟು ಬಂದೈತಾ, ಎಂದು ಕೇಳುತ್ತಿದ್ದರು. ತಮ್ಮ ಮನೆಯ ಸುದ್ದಿಯನ್ನು ಪರವೂರಿನಲ್ಲಿ ಕೂತು ಕೇಳುವವರ ಹಾಗೆ ಕೇಳಿದರು. ನೆತ್ತಿಯ ಮೇಲಿದ್ದ ಬಿಸಿಲು ಹೊಸ್ತಿಲಿಂದ ಇಳಿದು ಅಂಗಳಕ್ಕೆ ಹೋಯಿತು. ಕೊನೆಕೊನೆಗೆ ದ್ಯಾಮಕ್ಕನ ದನಿ ಒಡೆದು ಗಾಳಿ ಮಾತ್ರ ಬರುತ್ತಿತ್ತು, ಆದರೂ ಒಂದನ್ನೂ ಬಿಡಲಿಲ್ಲ.

ಮುಗಿದ ಮೇಲೆ ಅವರು ಲೋಟಕ್ಕೆ ಕೈ ಚಾಚಿದರು. ಲೋಟ ಕಣ್ಣೆದುರಿಗೇ ಇತ್ತು. ಕೈ ಅದರ ಪಕ್ಕದ ಖಾಲಿ ಜಾಗವನ್ನು ಹಿಡಿಯಿತು, ಬಿಟ್ಟಿತು, ಇನ್ನೊಂದು ಪಕ್ಕ ಹಿಡಿಯಿತು. ನಾನೂ ಗುರುಶಾಂತಪ್ಪನವರೂ ನೋಡಿದೆವು. ಇದ್ದಬದ್ದ ನೋಟವನ್ನೆಲ್ಲ ಅವರು ಆ ಹಾಳೆಗೆ ಖರ್ಚು ಮಾಡಿದ್ದರು. ಗುರುಶಾಂತಪ್ಪ ಮುಂದೆ ಬಗ್ಗಿ ಲೋಟವನ್ನು ಅವರ ಎರಡೂ ಕೈಗಳ ನಡುವೆ ಇಟ್ಟು ಬೆರಳು ಮುಚ್ಚಿಸಿದರು. ದ್ಯಾಮಕ್ಕ ಗಟಗಟ ಕುಡಿದು ಬಾಯಿ ಒರೆಸಿಕೊಂಡು ಎದ್ದರು.

"ನಾ ಹೇಳೂದು ಆತು," ಎಂದು ಗಂಡನ ತೋಳು ಹಿಡಿದರು. "ಇನ್ನ ಮ್ಯಾಲೆ ನೀವು ಹೇಳ್ರಿ."

ಅಂಗಳದಲ್ಲಿ ಗುರುಶಾಂತಪ್ಪ ಒಂದು ಗಳಿಗೆ ತಬ್ಬಿಬ್ಬಾಗಿ ನಿಂತರು, ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ. ಆಮೇಲೆ ಗಂಟಲು ಸರಿಮಾಡಿಕೊಂಡು, "ಎದರಿಗೆ ಒಂದು ಕರೀ ನಾಯಿ ಮಲಗೇತಿ," ಅಂದರು. "ಕಿವಿ ಒಂದ ಹರದೈತಿ. ಬಾಜೂಕ ಯಾರೋ ಕೆಂಪು ಸೀ‍ರಿ ಒಣಗಹಾಕ್ಯಾರ." ಅವರು ಓಣಿಯ ತಿರುವಿನವರೆಗೂ ಹೇಳುತ್ತ ಹೋದದ್ದು ನನಗೆ ಕೇಳಿಸುತ್ತಿತ್ತು.